28 ಲಕ್ಷ ಮತದಾರರಿಗೆ ಒಬ್ಬರೇ ಸಂಸದರು ಸಾಕಾ?

ಮಾನ್ಯ ಸಂಪಾದಕರೇ,

ಕ್ಷೇತ್ರ ಮರುವಿಂಗಡಣೆ ಅಂದ ಕೂಡಲೇ ಎಲ್ಲರೂ ಉತ್ತರಕ್ಕೆ ಎಷ್ಟು ಸೀಟು, ದಕ್ಷಿಣಕ್ಕೆ ಎಷ್ಟು ಸೀಟು ಅಂತ ಮಾತಾಡುತ್ತಾರೆ. ಅದು ಮುಖ್ಯ, ಇಲ್ಲ ಅನ್ನುತ್ತಿಲ್ಲ. ಆದರೆ ನಮ್ಮ ರಾಜ್ಯದ 28 ಸೀಟುಗಳ ಒಳಗೇ ಎಷ್ಟು ಅಸಮಾನತೆ ಇದೆ ಅನ್ನುವುದನ್ನು ಯಾರೂ ಕೇಳುತ್ತಿಲ್ಲ. ನಾನು ಅಂಜನಾಪುರದವನು, ಬೆಂಗಳೂರು ಗ್ರಾಮಾಂತರ ಲೋಕಸಭಾ ಕ್ಷೇತ್ರದ ಮತದಾರ. ಅದಕ್ಕೇ ಈ ಪತ್ರ.

ಈ ಕ್ಷೇತ್ರದ ನಕ್ಷೆಯನ್ನು ಒಮ್ಮೆ ನೋಡಿ. ಒಂದು ತುದಿಯಲ್ಲಿ ಲಗ್ಗೆರೆ, ಇನ್ನೊಂದು ತುದಿಯಲ್ಲಿ ಮೇಕೆದಾಟು. ಆ ಕಡೆ ತುಮಕೂರು ಜಿಲ್ಲೆಯ ಕುಣಿಗಲ್, ಈ ಕಡೆ ತಮಿಳುನಾಡಿನ ಗಡಿಯಲ್ಲಿರುವ ಅತ್ತಿಬೆಲೆ. ನಡುವೆ ಮಾಗಡಿ, ರಾಮನಗರ, ಚನ್ನಪಟ್ಟಣ, ಕನಕಪುರ. ಇಷ್ಟಾಗಿಯೂ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ ನಾಲ್ಕೂ ಇದರಲ್ಲಿಲ್ಲ, ಅವು ಚಿಕ್ಕಬಳ್ಳಾಪುರ ಕ್ಷೇತ್ರಕ್ಕೆ ಸೇರಿವೆ!

2008ಕ್ಕೆ ಮೊದಲು ಇದು ಕನಕಪುರ ಲೋಕಸಭಾ ಕ್ಷೇತ್ರವಾಗಿತ್ತು. ಎಂ.ವಿ. ಚಂದ್ರಶೇಖರ ಮೂರ್ತಿಯವರು ಇಲ್ಲಿಂದ ಮತ್ತೆ ಮತ್ತೆ ಗೆದ್ದರು. 1996ರಲ್ಲಿ ಎಚ್.ಡಿ. ಕುಮಾರಸ್ವಾಮಿ ಮೊದಲ ಸಲ ಸಂಸದರಾದದ್ದು ಇಲ್ಲಿಂದಲೇ. 2002ರ ಉಪಚುನಾವಣೆಯಲ್ಲಿ ದೇವೇಗೌಡರು ಡಿ.ಕೆ. ಶಿವಕುಮಾರ್ ಅವರನ್ನು ಸೋಲಿಸಿದರು, ಎರಡೇ ವರ್ಷಕ್ಕೆ ಪತ್ರಕರ್ತೆಯಾಗಿದ್ದ ತೇಜಸ್ವಿನಿ ಅವರು ಅದೇ ದೇವೇಗೌಡರನ್ನು ಸೋಲಿಸಿದರು. ಆಗಲೂ ಫಲಿತಾಂಶದಲ್ಲಿ ಬೆಂಗಳೂರಿನ ಅಂಚಿಗೆ ದೊಡ್ಡ ಪಾಲಿತ್ತು, ಯಾಕೆಂದರೆ ಆಗ ಉತ್ತರಹಳ್ಳಿ ಅನ್ನುವ ಒಂದು ವಿಧಾನಸಭಾ ಕ್ಷೇತ್ರ ಇತ್ತು, ಅದು ಬೆಳೆದು ಬೆಳೆದು ಕೊನೆಗೆ ಅದನ್ನು ಒಡೆದು ಹಂಚಬೇಕಾಯಿತು. ಒಡೆದಾಗ ಬಂದದ್ದರಲ್ಲಿ ನಮ್ಮ ಬೆಂಗಳೂರು ದಕ್ಷಿಣ ವಿಧಾನಸಭಾ ಕ್ಷೇತ್ರವೂ ಒಂದು. ಈಗ ಅದೂ ಉತ್ತರಹಳ್ಳಿಯ ಹಾದಿಯನ್ನೇ ಹಿಡಿದಿದೆ. ಕುಣಿಗಲ್‌ನ ಮೂರು ಪಟ್ಟು ಮತದಾರರು ಇಲ್ಲೊಂದರಲ್ಲೇ ಇದ್ದಾರೆ.

2009ರಲ್ಲಿ ಕುಮಾರಸ್ವಾಮಿ, 2013ರ ಉಪಚುನಾವಣೆಯಿಂದ ಮೂರು ಸಲ ಡಿ.ಕೆ. ಶಿವಕುಮಾರ್ ಅವರ ತಮ್ಮ ಡಿ.ಕೆ. ಸುರೇಶ್. 2019ರಲ್ಲಿ ಇಡೀ ರಾಜ್ಯದಲ್ಲಿ ಕಾಂಗ್ರೆಸ್ ಗೆದ್ದ ಒಂದೇ ಸೀಟು ಇದು. 2024ರಲ್ಲಿ ದೇವೇಗೌಡರ ಅಳಿಯ ಡಾ. ಸಿ.ಎನ್. ಮಂಜುನಾಥ್ ಎರಡೂವರೆ ಲಕ್ಷಕ್ಕೂ ಜಾಸ್ತಿ ಅಂತರದಲ್ಲಿ ಗೆದ್ದರು. ಆ ಅಂತರದ ದೊಡ್ಡ ಪಾಲು ಬಂದದ್ದು ರಾಜರಾಜೇಶ್ವರಿನಗರ ಮತ್ತು ಬೆಂಗಳೂರು ದಕ್ಷಿಣದಿಂದ. ಯಾವ ಪಕ್ಷ ಗೆದ್ದಿತು, ಯಾರು ಸೋತರು ಅನ್ನುವುದು ನನ್ನ ವಿಷಯವಲ್ಲ. ಗೆಲ್ಲಿಸುವುದಕ್ಕೆ ನಗರದ ಅಂಚು ಬೇಕು, ಆದರೆ ಚುನಾವಣೆಯ ಮಾತೆಲ್ಲ ಯಾವ ಮನೆತನ ಯಾವ ಮನೆತನವನ್ನು ಸೋಲಿಸುತ್ತದೆ ಅನ್ನುವುದರ ಬಗ್ಗೆಯೇ. ಇದು ನನಗೆ ನಿಜಕ್ಕೂ ಸಂಕಟ ಕೊಡುವ ವಿಷಯ.

2024ರ ಏಪ್ರಿಲ್ ನೆನಪಿಸಿಕೊಳ್ಳಿ. ಬೆಂಗಳೂರಿನಲ್ಲಿ ಬೋರ್‌ವೆಲ್‌ಗಳೆಲ್ಲ ಬತ್ತಿದ್ದ ಸಮಯ. ನಮ್ಮ ಬೀದಿಯಲ್ಲಿ ಮನೆ ಮನೆಯ ಗೇಟಿನ ಮುಂದೆ ನೀಲಿ ಡ್ರಮ್ಮುಗಳು ಸಾಲಾಗಿ ಕೂತಿದ್ದವು, ಟ್ಯಾಂಕರ್ ಯಾವಾಗ ಬರುತ್ತದೋ ಅಂತ ಹೆಂಗಸರು ಮೊಬೈಲ್ ಹಿಡಿದುಕೊಂಡು ಕಾಯುತ್ತಿದ್ದರು, ಅದೇ ಬೀದಿಯಲ್ಲಿ ಮೈಕು ಕಟ್ಟಿಕೊಂಡ ಪ್ರಚಾರದ ಆಟೋಗಳು ಒಂದರ ಹಿಂದೆ ಒಂದು ಬಂದವು. ಕರಪತ್ರ ಕೊಟ್ಟ ಹುಡುಗನನ್ನು ಉಪನಗರ ರೈಲಿನ ಕಥೆ ಏನಪ್ಪಾ ಅಂತ ಕೇಳಿದೆ. ಅವನಿಗೆ ಅದರ ಹೆಸರೇ ಗೊತ್ತಿರಲಿಲ್ಲ. ಪಾಪ, ಅವನ ತಪ್ಪಲ್ಲ. ಕರಪತ್ರದಲ್ಲೂ ಅದರ ಬಗ್ಗೆ ಒಂದು ಸಾಲು ಇರಲಿಲ್ಲ.

ಉಪನಗರ ರೈಲು ಸಂಸದರು ಹಿಡಿದು ನಿಲ್ಲಬೇಕಾದ ಕೆಲಸ ಅಲ್ವಾ? ರೈಲ್ವೆ ಕೇಂದ್ರದ ಕೈಯಲ್ಲಿದೆ. 2022ರ ಜೂನ್‌ನಲ್ಲಿ ಶಂಕುಸ್ಥಾಪನೆ ಆದ ಈ ಯೋಜನೆಯ ಒಂದು ಮಾರ್ಗ ಆನೇಕಲ್ ತಾಲ್ಲೂಕಿನ ಹೀಲಲಿಗೆಯಿಂದ ಹೊರಟು ರಾಜಾನುಕುಂಟೆಗೆ ಹೋಗಬೇಕು. ಚಂದಾಪುರ, ಬೊಮ್ಮಸಂದ್ರ, ಜಿಗಣಿ ಕಡೆ ಕಾರ್ಖಾನೆಗಳಿಗೆ ದಿನಾ ಓಡಾಡುವವರ ಪಾಲಿಗೆ ಅದು ಎಂಥ ಆಸರೆ! ಬೊಮ್ಮಸಂದ್ರಕ್ಕೆ ಹಳದಿ ಮೆಟ್ರೊ ಬಂದದ್ದೇ 2025ರ ಆಗಸ್ಟ್‌ನಲ್ಲಿ, ಅದೂ ಶುರುವಿನಲ್ಲಿ 25 ನಿಮಿಷಕ್ಕೆ ಒಂದು ರೈಲು.

ಸಂಸದರೊಬ್ಬರನ್ನೇ ದೂರಿ ಪ್ರಯೋಜನವಿಲ್ಲ, ಯಾರೇ ಬಂದರೂ ಲೆಕ್ಕ ಕೂಡುವುದಿಲ್ಲ. ಕ್ಷೇತ್ರದಲ್ಲಿ ಸುಮಾರು 28 ಲಕ್ಷ ಮತದಾರರಿದ್ದಾರೆ. ಸಂಸದರ ನಿಧಿ ವರ್ಷಕ್ಕೆ 5 ಕೋಟಿ. ತಲೆಗೆ 18 ರೂಪಾಯಿಯೂ ಬೀಳುವುದಿಲ್ಲ. ಉಡುಪಿ–ಚಿಕ್ಕಮಗಳೂರಿನಲ್ಲಿ ಸುಮಾರು 16 ಲಕ್ಷ ಮತದಾರರು, ನಿಧಿ ಅಷ್ಟೇ, ಅಂದರೆ ಅಲ್ಲಿ ತಲೆಗೆ 31 ರೂಪಾಯಿ. ಉಡುಪಿಯವರದನ್ನು ಕಿತ್ತು ನಮಗೆ ಕೊಡಿ ಅಂತ ಹೇಳುತ್ತಿಲ್ಲ. ಕಾರ್ಪೊರೇಟರ್‌ಗಳಾದರೂ ಇದ್ದಿದ್ದರೆ ಹೇಗೋ ಸುಧಾರಿಸಿಕೊಳ್ಳಬಹುದಿತ್ತು. ಬಿಬಿಎಂಪಿ ಕೌನ್ಸಿಲ್‌ನ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯನ್ನೇ ನಡೆಸಲಿಲ್ಲ. ಮೋರಿ ಕಟ್ಟಿಕೊಂಡರೂ ಶಾಸಕರ ಕಚೇರಿಗೇ ಹೋಗಬೇಕಾಯಿತು.

ಇದರಿಂದ ಹಳ್ಳಿಯವರಿಗೂ ಲಾಭವಿಲ್ಲ. ಚನ್ನಪಟ್ಟಣದ ರೇಷ್ಮೆ ಬೆಳೆಗಾರರು, ಕನಕಪುರದ ಕಾಡಂಚಿನಲ್ಲಿ ಆನೆ ಕಾಟದಿಂದ ರಾಗಿ ಕಳೆದುಕೊಳ್ಳುವವರು ಸಂಸತ್ತಿನಲ್ಲಿ ಕೇಳಿಸಬೇಕಾದ ಮಾತೇ ಬೇರೆ. ಎರಡನ್ನೂ ಒಬ್ಬರ ತಲೆಗೆ ಕಟ್ಟಿದರೆ ಎರಡೂ ಅರ್ಧಂಬರ್ಧ ಆಗುತ್ತದೆ.

ಈಗಿನ ಗಡಿಗಳನ್ನು ಹಾಕಿದ್ದು 2001ರ ಜನಗಣತಿಯ ಆಧಾರದ ಮೇಲೆ. ಆಗ ನಮ್ಮ ಕಡೆ ಫ್ಲ್ಯಾಟ್‌ಗಳಿಗಿಂತ ಹೊಲಗಳೇ ಜಾಸ್ತಿ ಇದ್ದವು. ಇವತ್ತು ರಾಜರಾಜೇಶ್ವರಿನಗರ, ಬೆಂಗಳೂರು ದಕ್ಷಿಣ, ಆನೇಕಲ್ ಮೂರೇ ಸೇರಿಸಿದರೂ ಮತದಾರರು 15 ಲಕ್ಷ ದಾಟುತ್ತಾರೆ, ಹೆಚ್ಚುಕಮ್ಮಿ ಒಂದು ಪೂರ್ತಿ ಲೋಕಸಭಾ ಕ್ಷೇತ್ರದಷ್ಟು. ಮುಂದಿನ ಮರುವಿಂಗಡಣೆಯಲ್ಲಿ ರಾಜ್ಯಕ್ಕೆ ಸೀಟು ಹೆಚ್ಚಲಿ, ಬಿಡಲಿ, ನಗರದ ದಕ್ಷಿಣ ಅಂಚಿಗೇ ಒಂದು ಕ್ಷೇತ್ರ ಕೊಡಿ. ರಾಮನಗರದ ಕಡೆಯ ತಾಲ್ಲೂಕುಗಳಿಗೆ ಅವರದೇ ಆದದ್ದು ಇರಲಿ.

ಹಿಂದಿನ ಸಲದಂತೆ ಆಯೋಗ ಕರಡು ಪ್ರಕಟಿಸಿ ಸಾರ್ವಜನಿಕ ಸಭೆ ನಡೆಸಿದರೆ, ಅಲ್ಲಿಗೆ ಪಕ್ಷದವರು ಮಾತ್ರ ಹೋದರೆ ಸಾಲದು. ಬಡಾವಣೆಯ ಸಂಘಗಳು, ಕಾರ್ಖಾನೆಯ ಕಾರ್ಮಿಕರು, ಬಾಡಿಗೆ ಮನೆಯಲ್ಲಿರುವವರು ಎಲ್ಲರೂ ಅರ್ಜಿ ಕೊಡಬೇಕು. ನಿಮ್ಮ ಪತ್ರಿಕೆಯಲ್ಲೂ ಒಂದು ವಿನಂತಿ: ಕರಡು ಬಂದ ದಿನ ಯಾರಿಗೆ ಲಾಭ, ಯಾರಿಗೆ ನಷ್ಟ ಅನ್ನುವ ಸುದ್ದಿಯ ಜೊತೆಗೆ, ಯಾವ ವಾರ್ಡು ಯಾವ ಕ್ಷೇತ್ರಕ್ಕೆ ಅಂತ ಕಣ್ಣಿಗೆ ಕಾಣುವ ಹಾಗೆ ನಕ್ಷೆಯನ್ನೂ ಅಚ್ಚು ಹಾಕಿ.

– ಒಬ್ಬ ಮತದಾರ, ಅಂಜನಾಪುರ, ಬೆಂಗಳೂರು