ಕಟ್ಟೆಯ ಮೇಲೆ ಯಾರು ಕೂತಿದ್ದರು?

ಗೆಳೆಯಾ,

ನಮ್ಮ ಬಡಾವಣೆಯ ಅರಳಿಕಟ್ಟೆ ಸರ್ಕಲ್ಲನ್ನು ಹೊಸದಾಗಿ ಮಾಡುತ್ತಾರೆ ಅಂದಿದ್ದೆನಲ್ಲ, ಭಾನುವಾರ ನಕ್ಷೆ ತೋರಿಸಿದರು. ಸುತ್ತ ಗ್ರಿಲ್ಲು, ಒಂದೇ ಗೇಟು, ನುಣುಪು ಗ್ರಾನೈಟು, ಯಾರೂ ಮಲಗದ ಹಾಗೆ ಬೆಂಚಿನ ನಡುವೆ ಕಬ್ಬಿಣದ ಪಟ್ಟಿ. ನನಗೆ ರೇಗಿತು. ಎದ್ದು ನಿಂತು, 'ನಮ್ಮ ಕಾಲದಲ್ಲಿ ಅರಳಿಕಟ್ಟೆ ಎಲ್ಲರದಾಗಿತ್ತು' ಅಂತ ಶುರು ಮಾಡಿದೆ. ಹಿಂದಿನಿಂದ ಹೂವಿನಮ್ಮ ಕೇಳಿದರು: "ನಿಮ್ಮ ತಾಯಿ ಯಾವತ್ತಾದ್ರೂ ಅಲ್ಲಿ ಕೂತಿದ್ರಾ ಸಾರ್?"

ಬಾಯಿ ಕಟ್ಟಿತು ಕಣೋ. ನಮ್ಮೂರ ಕಟ್ಟೆ ನೆನಪಿದೆಯಲ್ಲ? ಹೆಂಗಸರು ಪ್ರದಕ್ಷಿಣೆ ಹಾಕಿ, ನಾಗರಕಲ್ಲಿಗೆ ಅರಿಶಿನ ಕುಂಕುಮ ಇಟ್ಟು ಹೊರಟುಬಿಡುತ್ತಿದ್ದರು. ಕಾಲು ಚಾಚಿ ಹರಟುತ್ತಿದ್ದದ್ದು ಗಂಡಸರು. ಅವರಲ್ಲೂ ಆಚೆ ಕೇರಿಯವರು ಕೆಳಗೆ ನಿಂತೇ ಮಾತಾಡುತ್ತಿದ್ದರು. ನಾವಿಬ್ಬರೂ ಮೇಲೆ ಕೂತು ಕಡ್ಲೆಕಾಯಿ ಸುಲಿಯುತ್ತಿದ್ದೆವು.

ನೀನು ನ್ಯೂಯಾರ್ಕಿನಲ್ಲಿ ತೋರಿಸಿದ ಬ್ರಯಂಟ್ ಪಾರ್ಕಿನ ಕಥೆಯನ್ನೂ ಸಭೆಯಲ್ಲಿ ಹೇಳಿದೆ. ಎಪ್ಪತ್ತರ ದಶಕದಲ್ಲಿ ಅದು ಡ್ರಗ್ಸ್ ಮಾರುವವರ ಅಡ್ಡೆ. ಹೆಂಗಸರು ಕಡಿಮೆ ಕಂಡ ಕಡೆ ಏನೋ ಸರಿಯಿಲ್ಲ ಅನ್ನುವುದು, ಊರಿನ ಪಾರ್ಕು-ಚೌಕಗಳಲ್ಲಿ ಜನ ಹೇಗೆ ಕೂರುತ್ತಾರೆ ಅಂತ ಗಮನಿಸಿ ಬರೆದ ವಿಲಿಯಂ ವೈಟ್ ಲೆಕ್ಕ. ಬೇಲಿ, ಪೊದೆಗಳ ಮರೆಯೇ ರೋಗ ಅಂದರು ಆತ. 1992ರಲ್ಲಿ ಪಾರ್ಕು ಮತ್ತೆ ತೆರೆಯುವಾಗ ಬೇಲಿ ಹೋಗಿತ್ತು, ಬೇಕಾದ ಕಡೆ ಎಳೆದುಕೊಂಡು ಕೂರುವ ಕುರ್ಚಿ ಬಂದಿದ್ದವು. ಕುರ್ಚಿ ಅಂದಾಗ ಎಲ್ಲರೂ ನಕ್ಕರು, ನಮ್ಮಲ್ಲಿ ಒಂದು ರಾತ್ರಿ ಉಳಿದಾವೆ? ನಾನೂ ನಕ್ಕೆ. ಆದರೆ ಗ್ರಿಲ್ಲು ಕೈಬಿಟ್ಟರು.

ಆಮೇಲೆ ಗಾಲಿಕುರ್ಚಿಯ ಮಾತು. ರ‍್ಯಾಂಪು ಒಂದು ಅಡಿ ಏರಬೇಕಾದರೆ 12 ಅಡಿ ಉದ್ದ ಬೇಕು. ಕಟ್ಟೆ ಎರಡೂವರೆ ಅಡಿ, ಅಂದರೆ 30 ಅಡಿ. ರಸ್ತೆಗೇ ಬಂದುಬಿಡುತ್ತದೆ! ಕಟ್ಟೆ ತಗ್ಗಿಸೋಣವೆಂದರೆ ಬೇರು. ಕೊನೆಗೆ ಕಟ್ಟೆಯನ್ನು ಹಾಗೇ ಬಿಟ್ಟು, ನೆರಳು ಬೀಳುವ ಕಡೆ ನೆಲಮಟ್ಟದಲ್ಲೇ ಬೆಂಚು, ಪಕ್ಕದಲ್ಲಿ ಗಾಲಿಕುರ್ಚಿ ನಿಲ್ಲುವಷ್ಟು ಖಾಲಿ ಜಾಗ ಅಂತಾಯಿತು. ಗ್ರಾನೈಟಿನ ಬದಲು ಒರಟು ಕಲ್ಲು, ಮಳೆಯಲ್ಲಿ ಅಜ್ಜಿಯರು ಜಾರಬಾರದಲ್ಲ.

ಜಗಳ ಉಳಿದಿರುವುದು ಶೌಚಾಲಯದ ಮೇಲೆ. 'ದೇವರ ಮರದ ಹತ್ತಿರ ಕಕ್ಕಸ್ಸಾ?' ಅನ್ನುತ್ತಾರೆ. ಬೆಳಿಗ್ಗೆ ಆರಕ್ಕೆ ಬುಟ್ಟಿ ಇಳಿಸುವ ಹೂವಿನಮ್ಮ ರಾತ್ರಿ ಎಂಟರವರೆಗೆ ನೀರೇ ಕುಡಿಯುವುದಿಲ್ಲವಂತೆ. ಗುರುವಾರ ಮತ್ತೆ ಸಭೆ ಇದೆ. ಬ್ರಯಂಟ್ ಪಾರ್ಕಿನ ಶೌಚಾಲಯದೊಳಗೆ ತಾಜಾ ಹೂವು ಇಟ್ಟಿದ್ದರಲ್ಲ, ನೀನು ಫೋಟೋ ತೆಗೆದಿದ್ದೆ. ಅದನ್ನು ಅಷ್ಟರೊಳಗೆ ಕಳಿಸು. ಹೂವಿನಮ್ಮನಿಗೆ ಮೊದಲು ತೋರಿಸುತ್ತೇನೆ.

ನಿನ್ನವ