‘ಕಚೇರಿ ಸಿಬ್ಬಂದಿಗೆ’ ಅಂತ ಬರೆದ ಒಂದು ಸಾಲು

ನನಗೆ ಪಿಎಚ್‌ಡಿ ಆಯಿತು. ಹೋದ ತಿಂಗಳು ವೈವಾ, ಅಂದರೆ ಮೌಖಿಕ ಪರೀಕ್ಷೆ ಮುಗಿಯಿತು, ಮೊನ್ನೆ ಪದವಿಯ ನೋಟಿಫಿಕೇಶನ್ ಕೈಗೆ ಬಂತು. 2017ರ ಕೊನೆಯಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಕ್ಯಾಂಪಸ್ ಮಾನಸಗಂಗೋತ್ರಿಯಲ್ಲಿ ನೋಂದಣಿ ಮಾಡಿಸಿದಾಗ ನನಗಿನ್ನೂ ಮದುವೆಯೂ ಆಗಿರಲಿಲ್ಲ. ಈಗ ಆರು ವರ್ಷದ ಮಗಳು ಮನೆಗೆ ಬಂದವರಿಗೆಲ್ಲ ‘ಅಮ್ಮ ಡಾಕ್ಟರ್, ಆದ್ರೆ ಇಂಜೆಕ್ಷನ್ ಕೊಡಲ್ಲ’ ಅಂತ ಹೇಳುತ್ತಿದ್ದಾಳೆ.

ಗೈಡ್‌ಗೆ, ಅಮ್ಮನಿಗೆ, ಅತ್ತೆಗೆ, ಗಂಡನಿಗೆ, ಕೆರೆ ಶಾಸನಗಳಿಗಾಗಿ ಬಿಸಿಲಲ್ಲಿ ನನ್ನ ಜೊತೆ ಕೆರೆ ಏರಿ ಸುತ್ತಿದ ಊರಿನವರಿಗೆ ಪ್ರಬಂಧದ ಮೊದಲ ಪುಟಗಳಲ್ಲೇ ಧನ್ಯವಾದ ಹೇಳಿದ್ದೇನೆ. ಈ ಬರಹ ಅಲ್ಲಿ ಬಿಟ್ಟುಹೋದ ಒಬ್ಬರಿಗೆ. ಪೂರ್ತಿ ಬಿಟ್ಟಿಲ್ಲ ಅನ್ನಿ. ‘ವಿಭಾಗದ ಕಚೇರಿ ಸಿಬ್ಬಂದಿಗೆ ವಂದನೆಗಳು’ ಅಂತ ಒಂದು ಸಾಲಿದೆ. ಎಲ್ಲರ ಪ್ರಬಂಧದಲ್ಲೂ ಇರುತ್ತಲ್ವಾ, ಅದೇ ಸಾಲು. ಹಿಂದಿನವರದನ್ನು ನೋಡಿಕೊಂಡು ಬರೆದಿದ್ದೆ.

ಆ ಸಿಬ್ಬಂದಿ ಅಂದರೆ ನಮ್ಮ ಆಫೀಸ್ ಮೇಡಂ. ಹಾಗೆಂದರೇ ಎಲ್ಲರಿಗೂ ಗೊತ್ತಾಗುವುದು. ಮಾನಸಗಂಗೋತ್ರಿಗೆ ಆ ಹೆಸರಿಟ್ಟವರು ಕುವೆಂಪು ಅಂತ ನನಗೆ ಬರುವ ಮೊದಲೇ ಗೊತ್ತಿತ್ತು. ಮೇಡಂ ಪೂರ್ತಿ ಹೆಸರು ಗೊತ್ತಾಗಿದ್ದು ಐದನೇ ವರ್ಷ, ಅವರ ಬೀಳ್ಕೊಡುಗೆಯ ಆಹ್ವಾನ ಪತ್ರಿಕೆಯಲ್ಲಿ.

ಮೊದಲ ವರ್ಷ ಅವರನ್ನು ಕಂಡರೆ ನನಗೆ ಭಯ. ಮೇಜಿಗೆ ಒರಗಿ ನಿಂತರೆ ಬೈಯುತ್ತಿದ್ದರು. ಊಟದ ಹೊತ್ತಿಗೆ ಹೋದರೆ ತಲೆಯನ್ನೇ ಎತ್ತುತ್ತಿರಲಿಲ್ಲ. ಹಾಸ್ಟೆಲ್ ಮಕ್ಕಳ ಕೆಲಸ ಮೊದಲು, ಮೈಸೂರಿನವರದ್ದು ಆಮೇಲೆ. ಇದು ಪಕ್ಷಪಾತ ಅಂತ ನಾನು ಒಮ್ಮೆ ಗೊಣಗಿದ್ದೆ. ‘ನೀನು ಸಂಜೆ ಮನೆಗೆ ಹೋಗಿ ಸಾರು ಅನ್ನ ಉಣ್ತೀಯ. ಅವನು ಬೀದರಿಂದ ಬಂದವನೆ’ ಅಂದರು. ಅಷ್ಟೇ ಉತ್ತರ.

ಅರ್ಜಿ ಬರೆಯುವುದನ್ನು ನಾನು ಕಲಿತದ್ದು ಎಂ.ಎ.ಯಲ್ಲಿ ಅಲ್ಲ, ಆ ಮೇಜಿನ ಮುಂದೆ. ನನ್ನ ಮೊದಲ ಅರ್ಜಿ ಒಂದೂವರೆ ಪುಟ ಇತ್ತು. ಮೇಡಂ ಓದಿ ವಾಪಸ್ ಕೊಟ್ಟರು. ‘ಏನು ಬೇಕು ಅಂತ ಮೊದಲ ಸಾಲಲ್ಲೇ ಹೇಳಮ್ಮ. ಕಷ್ಟ ಆಮೇಲೆ ಹೇಳ್ಕೋ. ಓದೋರು ಎರಡನೇ ಸಾಲಿಗೆ ಬರೋದೇ ಜಾಸ್ತಿ.’ ಇವರಿಗೆ, ಇವರಿಂದ, ಮುಖಾಂತರ, ವಿಷಯ, ಉಲ್ಲೇಖ. ಉಲ್ಲೇಖ ಇಲ್ಲದ ಪತ್ರಕ್ಕೆ ಅವರು, ಪತ್ರ ಬಂತು ಅಂತ ದಾಖಲಿಸುವ ಇನ್‌ವರ್ಡ್ ನಂಬರ್ ಹಾಕುತ್ತಲೇ ಇರಲಿಲ್ಲ. ಟಪಾಲು ವಿಶ್ವವಿದ್ಯಾನಿಲಯದ ಆಡಳಿತ ಕಚೇರಿ ಕ್ರಾಫರ್ಡ್ ಹಾಲ್‌ಗೆ ಹೊರಟರೆ ಅದರ ದಿನಾಂಕ, ಪುಟಗಳ ಸಂಖ್ಯೆ ಎಲ್ಲ ಅವರ ಬಾಯಲ್ಲೇ ಇರುತ್ತಿತ್ತು. ರಿಜಿಸ್ಟರ್ ತೆಗೆದು ನೋಡುತ್ತಿದ್ದದ್ದು ನಮ್ಮ ಸಮಾಧಾನಕ್ಕೆ.

2019ರಲ್ಲಿ ನಾನು ಬಸುರಿ. ಮೊದಲ ಮೂರು ತಿಂಗಳು ನೀರು ಕುಡಿದರೂ ವಾಂತಿ. ಅಧ್ಯಾಯ ಒಂದೂ ಬರೆದಿಲ್ಲ, ಆರು ತಿಂಗಳಿಗೊಮ್ಮೆ ಕೊಡಬೇಕಾದ ಪ್ರಗತಿ ವರದಿಗೆ ಪ್ರಗತಿಯೇ ಇಲ್ಲ. ಸಾಕು ಅನ್ನಿಸಿತು. ನೋಂದಣಿ ರದ್ದು ಮಾಡಿ ಅಂತ ಪತ್ರ ಬರೆದೆ. ಅವರೇ ಕಲಿಸಿದ ಹಾಗೆ, ಏನು ಬೇಕು ಅಂತ ಮೊದಲ ಸಾಲಲ್ಲೇ.

ಮೇಡಂ ಓದಿದರು. ಒಮ್ಮೆ ನನ್ನ ಮುಖ ನೋಡಿದರು.

‘ಇನ್‌ವರ್ಡ್ ಸೀಲು ಎಲ್ಲೋ ಇಟ್ಬಿಟ್ಟಿದ್ದೀನಿ ಕಣಮ್ಮ, ಸಿಗ್ತಿಲ್ಲ. ನಾಳೆ ಬಾ.’

ಸೀಲು ಇಂಕ್ ಪ್ಯಾಡ್ ಪಕ್ಕದಲ್ಲೇ ಇತ್ತು. ನನಗೂ ಕಾಣುತ್ತಿತ್ತು, ಅವರಿಗೂ ಕಾಣುತ್ತಿತ್ತು. ಸುಮ್ನೆ ಹೊರಗೆ ಬಂದೆ. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಸ್ವಲ್ಪ ಹೊತ್ತು ಕೂತು ಮನೆಗೆ ಹೋದೆ.

ಮಾರನೇ ದಿನ ಒಂದು ಹಾಳೆ ಮುಂದಿಟ್ಟರು. ವಿಶ್ವವಿದ್ಯಾನಿಲಯಗಳಿಗೆ ನಿಯಮ ಮಾಡುವ ಯುಜಿಸಿಯ 2016ರ ಪಿಎಚ್‌ಡಿ ನಿಯಮಗಳ ಒಂದು ಪುಟ, ಪ್ರಿಂಟ್ ತೆಗೆದದ್ದು. ಒಂದು ಸಾಲಿನ ಕೆಳಗೆ ಕೆಂಪು ಪೆನ್ಸಿಲ್ಲಿನ ಗೆರೆ. ಸಂಶೋಧನೆಯ ಇಡೀ ಅವಧಿಯಲ್ಲಿ ಒಂದು ಸಲ, 240 ದಿನಗಳವರೆಗೆ, ಹೆಂಗಸರಿಗೆ ಹೆರಿಗೆ ರಜೆ ಅಥವಾ ಮಗು ನೋಡಿಕೊಳ್ಳುವ ರಜೆ ಕೊಡಬಹುದು ಅಂತ ಆ ಸಾಲು. ಆರು ವರ್ಷದ ಗಡುವು ಮುಗಿದರೆ ಹೆಂಗಸರಿಗೆ ಇನ್ನೂ ಎರಡು ವರ್ಷ ಸಡಿಲಿಕೆ ಕೊಡಬಹುದು ಅಂತಲೂ ಅದರಲ್ಲೇ ಇತ್ತು. ಎರಡು ವರ್ಷದಿಂದ ಸಂಶೋಧಕಿ ಅಂತ ಓಡಾಡುತ್ತಿದ್ದ ನಾನು ನನ್ನದೇ ನಿಯಮವನ್ನು ಓದಿರಲಿಲ್ಲ.

‘ಒಂದೇ ಸಲ ಕೊಡೋದು. ಈಗಲೇ ಪೂರ್ತಿ ತಗೋತೀಯೋ, ಹೆರಿಗೆ ಹತ್ತಿರ ಬಂದಾಗ ತಗೋತೀಯೋ, ಲೆಕ್ಕ ಹಾಕ್ಕೋ.’ ನನ್ನ ಹಳೇ ಪತ್ರದ ಬಗ್ಗೆ ಅವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಅಲ್ಲೇ ಕೂತು ರಜೆ ಅರ್ಜಿ ಬರೆದೆ. ಈ ಸಲ ಸೀಲು ತಕ್ಷಣ ಸಿಕ್ಕಿತು.

2022ರಲ್ಲಿ ಅವರಿಗೆ ಅರವತ್ತು ತುಂಬಿ ನಿವೃತ್ತಿ ಆಯಿತು. ಶಾಲು, ಹಾರ, ಹಣ್ಣಿನ ಬುಟ್ಟಿ, ಭಾಷಣಗಳು. ಎಲ್ಲ ಮುಗಿದ ಮೇಲೆ ನನ್ನನ್ನು ಕರೆದು ಒಂದು ಕವರ್ ಕೊಟ್ಟರು. ಒಳಗೆ ಆ ಪತ್ರ. ಮೂರು ವರ್ಷ ಮೇಜಿನ ಗಾಜಿನ ಕೆಳಗೆ, ಕ್ಯಾಲೆಂಡರ್ ಹಿಂದೆ ಇತ್ತಂತೆ. ‘ನನ್ನ ಪೆಂಡಿಂಗ್ ಇದೊಂದೇ ಇತ್ತು, ತಗೋ’ ಅಂದರು.

ಕೊನೆಯ ಸಲ ಅವರ ಜೊತೆ ಕೂತದ್ದು 2024ರಲ್ಲಿ, ಸರಸ್ವತಿಪುರಂನ ಅವರ ಮನೆಯಲ್ಲಿ. ನನ್ನ ಪ್ರಬಂಧ ಕೆರೆ ಶಾಸನಗಳ ಮೇಲೆ. ಪೂರ್ತಿ ‘ನುಡಿ’ ಅನ್ನುವ ಕನ್ನಡ ತಂತ್ರಾಂಶದಲ್ಲಿ, ಅದರ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದೆ. ಕೃತಿಚೌರ್ಯದ ಪರಿಶೀಲನೆಗೆ, ಪ್ರಬಂಧಗಳನ್ನು ಆನ್ಲೈನಿನಲ್ಲಿ ಇಡುವ ಶೋಧಗಂಗಾಕ್ಕೆ, ಎಲ್ಲ ಕಂಪ್ಯೂಟರಿಗೂ ಹೊಂದುವ ಯೂನಿಕೋಡ್ ಅಕ್ಷರ ಬೇಕಾಯಿತು. ಬದಲಾಯಿಸಿದರೆ ಒತ್ತಕ್ಷರಗಳೆಲ್ಲ ಒಡೆದು ಹೋದವು. ಅರ್ಕಾವತ್ತು ಒಂದು ಕಡೆ, ಅಕ್ಷರ ಇನ್ನೊಂದು ಕಡೆ. ಕನ್ನಡದಲ್ಲಿ ಪ್ರಬಂಧ ಬರೆದವರಿಗೆ ಈ ಪಾಡು ಗೊತ್ತಿರುತ್ತದೆ. ಸಲ್ಲಿಸಲು ಹತ್ತು ದಿನ ಬಾಕಿ. ಅಳುತ್ತಾ ಫೋನ್ ಮಾಡಿದೆ. ‘ಪ್ರಿಂಟ್ ತಗೊಂಡು ಬಾ’ ಅಂದರು. ಅವರು ಆ ಕಾಲದಲ್ಲಿ ಕನ್ನಡ ಸೀನಿಯರ್ ಟೈಪಿಂಗ್ ಪಾಸು ಮಾಡಿದವರು. ತಪ್ಪು ಅವರ ಕಣ್ಣಿಗೆ ತಾನಾಗಿ ಬೀಳುತ್ತಿತ್ತು.

ನಾಲ್ಕು ಮಧ್ಯಾಹ್ನ ಕೂತೆವು. ಅವರು ಓದುತ್ತಾ ಸುತ್ತು ಹಾಕುವುದು, ನಾನು ಲ್ಯಾಪ್‌ಟಾಪಿನಲ್ಲಿ ತಿದ್ದುವುದು. ಅದೇ ಕೆಂಪು ಪೆನ್ಸಿಲ್. ಮಗಳು ಅವರ ಹಳೇ ಇಂಕ್ ಪ್ಯಾಡ್ ಹಿಡಿದು ಎರಡೂ ಕೈ ನೀಲಿ ಮಾಡಿಕೊಂಡಳು. ನಡುವೆ ಅವಲಕ್ಕಿ, ಕಾಫಿ. ಒಂದು ಕಡೆ ನಿಲ್ಲಿಸಿ ‘ಈ ಬಿತ್ತುವಟ್ಟ ಅಂದ್ರೆ ಏನು?’ ಅಂದರು. ಕೆರೆ ನೋಡಿಕೊಳ್ಳುವುದಕ್ಕೆ ಅಂತ ಬಿಟ್ಟುಕೊಡುತ್ತಿದ್ದ ಭೂಮಿ ಅಂದೆ. ‘ಓ, ಮೇಂಟೆನೆನ್ಸ್ ಗ್ರ್ಯಾಂಟ್ ಅನ್ನು’ ಅಂತ ಮುಂದಕ್ಕೆ ಹೋದರು. ಇನ್ನೊಂದು ಕಡೆ ಒಂದೇ ಕೆರೆಗೆ ನಾನು ಎರಡು ಹೆಸರು ಬರೆದಿದ್ದನ್ನು ಹಿಡಿದರು. ಗೈಡ್ ಕಣ್ಣಿಗೂ ಅದು ಬಿದ್ದಿರಲಿಲ್ಲ. ಪ್ರಬಂಧವನ್ನು ಹೊರಗಿನ ಪರೀಕ್ಷಕರು ಕನಿಷ್ಠ ಇಬ್ಬರಾದರೂ ಓದಬೇಕು ಅಂತ ನಿಯಮ. ಅವರಿಗಿಂತ ಮೊದಲೇ ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಓದಿದವರು ಮೇಡಂ.

ವೈವಾಕ್ಕೆ ಎರಡು ತಿಂಗಳಿರುವಾಗ ಮೇಡಂ ತೀರಿಕೊಂಡರು. ಎದೆನೋವು ಅಂದರಂತೆ, ಬೆಳಗಾಗುವಷ್ಟರಲ್ಲಿ ಇರಲಿಲ್ಲ. ಹೋಗಿ ನೋಡಿ ಬಂದೆ. ಬೀದರಿನ ಆ ಹುಡುಗನೂ ಬಂದಿದ್ದ. ಈಗ ಅವನು ಕಾಲೇಜಿನಲ್ಲಿ ಮೇಷ್ಟ್ರು. ಇಬ್ಬರೂ ಜಾಸ್ತಿ ಮಾತಾಡಲಿಲ್ಲ.

ಮೊನ್ನೆ ನೋಟಿಫಿಕೇಶನ್ ಇಡಲು ಕಪಾಟು ತೆಗೆದಾಗ ಅವರು ತಿದ್ದಿದ ಆ ಪ್ರಿಂಟಿನ ಕಟ್ಟು ಸಿಕ್ಕಿತು. ಹಳೇ ಅಭ್ಯಾಸದಂತೆ ಮೂಲೆಗೆ ತೂತು ಮಾಡಿ ಟ್ಯಾಗ್ ಕಟ್ಟಿ ಕೊಟ್ಟಿದ್ದರು. ಸುಮ್ನೆ ಮಗುಚುತ್ತಾ ಕೂತೆ. ಕೃತಜ್ಞತೆಯ ಪುಟವೂ ಅದರಲ್ಲಿತ್ತು. ಅದನ್ನೂ ಓದಿದ್ದಾರೆ. ಗೈಡ್ ಹೆಸರಿನಲ್ಲಿ ಒಡೆದ ಅರ್ಕಾವತ್ತಿಗೆ ಒಂದು ಸುತ್ತು. ಕೆಳಗೆ, ‘ವಿಭಾಗದ ಕಚೇರಿ ಸಿಬ್ಬಂದಿಗೆ ವಂದನೆಗಳು’ ಅನ್ನುವ ಸಾಲಿನಲ್ಲಿ, ‘ಸಿಬ್ಬಂದಿ’ಯ ಬಾ ಒತ್ತು ಜಾರಿ ಪಕ್ಕದ ಅಕ್ಷರಕ್ಕೆ ಹೋಗಿತ್ತು. ಅದಕ್ಕೂ ಸುತ್ತು ಹಾಕಿ, ಅಂಚಿನಲ್ಲಿ ಅಚ್ಚುಕಟ್ಟಾಗಿ ‘ಬ್ಬ’ ಅಂತ ಬರೆದಿದ್ದಾರೆ.