ಕಾವೇರಿ ನೀರು ಬಂದ ಮನೆಗಳಲ್ಲಿ ಅಕ್ವೇರಿಯಂ ಮೀನುಗಳ ಸಾವು

ಮಾನ್ಯ ಸಂಪಾದಕರೇ,

ಕಾವೇರಿ ಐದನೇ ಹಂತದ ಯೋಜನೆ 2024ರ ಅಕ್ಟೋಬರ್‌ನಲ್ಲಿ ಲೋಕಾರ್ಪಣೆಗೊಂಡ ಬಳಿಕ, ಬೆಂಗಳೂರಿನ ಹೊರವಲಯದ 110 ಹಳ್ಳಿಗಳ ವ್ಯಾಪ್ತಿಯಲ್ಲಿ ವರ್ಷಗಟ್ಟಲೆ ಕೊಳವೆಬಾವಿ ಮತ್ತು ಟ್ಯಾಂಕರ್ ನೀರನ್ನೇ ನೆಚ್ಚಿಕೊಂಡಿದ್ದ ಅನೇಕ ಮನೆಗಳಿಗೆ ನದಿಯ ನೀರು ಬಂದಿದೆ. ಸಂತೋಷದ ವಿಷಯವೇ. ಆದರೆ ಮನೆಯಲ್ಲಿ ಅಲಂಕಾರಿಕ ಮೀನು ಸಾಕಿದವರಿಗೆ ಈ ಬದಲಾವಣೆಯ ಹೊತ್ತಿನಲ್ಲಿ ಹೇಳಲೇಬೇಕಾದ ಒಂದು ಮಾತನ್ನು ಯಾರೂ ಹೇಳುತ್ತಿಲ್ಲ. ಕೊಳವೆಬಾವಿಯ ನೀರು ಎಷ್ಟೇ ಗಡುಸಾಗಿದ್ದರೂ ಅದರಲ್ಲಿ ಸಹಜವಾಗಿ ಕ್ಲೋರಿನ್ ಇರುವುದಿಲ್ಲವಾದ್ದರಿಂದ, ನಲ್ಲಿಯ ಕೆಳಗೆ ಬಕೆಟ್ ತುಂಬಿಸಿ ನೇರವಾಗಿ ಅಕ್ವೇರಿಯಂಗೆ ಸುರಿದರೂ ಹೇಗೋ ನಡೆಯುತ್ತಿತ್ತು. ಅದೇ ರೂಢಿ ಈಗ ಮೀನುಗಳ ಪ್ರಾಣಕ್ಕೆ ಎರವಾಗುತ್ತಿದೆ.

ತೊರೆಕಾಡನಹಳ್ಳಿಯಲ್ಲಿ ಶುದ್ಧೀಕರಣಗೊಂಡ ನೀರು ಸುಮಾರು ನೂರು ಕಿಲೋಮೀಟರ್ ದೂರವನ್ನು ಪೈಪಿನಲ್ಲೇ ಕ್ರಮಿಸಿ ಬರಬೇಕಾದ್ದರಿಂದ, ದಾರಿಯಲ್ಲಿ ರೋಗಾಣುಗಳು ಸೇರಿ ಬೆಳೆಯದಂತೆ ತಡೆಯಲು ಅದರಲ್ಲಿ ಒಂದಿಷ್ಟು ಕ್ಲೋರಿನ್ ಉಳಿದಿರಲೇಬೇಕು. ನಲ್ಲಿಯ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಇರಬೇಕೆಂದು ಭಾರತೀಯ ಮಾನಕ ಬ್ಯೂರೊ ಹೇಳುತ್ತದೆ. ಸಿಹಿನೀರಿನ ಜಲಚರಗಳಿಗೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಸೂಚಿಸಿರುವ ಅಲ್ಪಾವಧಿಯ ಮಿತಿಯಾದರೋ ಲೀಟರಿಗೆ 0.019 ಮಿಲಿಗ್ರಾಂ. ನಮಗೆ ಕನಿಷ್ಠವಾದದ್ದು ಮೀನಿಗೆ ಸಹಿಸಬಲ್ಲ ಪ್ರಮಾಣದ ಹತ್ತು ಪಟ್ಟು! ನಾವು ಕುಡಿದ ನೀರಿನ ಕ್ಲೋರಿನ್ ಬಾಯಿ, ಹೊಟ್ಟೆಯಲ್ಲೇ ಸತ್ವ ಕಳೆದುಕೊಳ್ಳುತ್ತದೆ; ಮೀನು ಉಸಿರಾಡುವುದೇ ಆ ನೀರಿನಲ್ಲಿ, ಹಾಗಾಗಿ ಕ್ಲೋರಿನ್ ಅದರ ಕಿವಿರಿನ ತೆಳುಪೊರೆಯನ್ನೇ ಸುಡುತ್ತದೆ. ನೀರು ಬದಲಿಸಿದ ಸ್ವಲ್ಪ ಹೊತ್ತಿಗೆಲ್ಲ ಮೀನುಗಳು ಮೇಲಕ್ಕೆ ಬಂದು ಬಾಯಿ ಬಿಡುತ್ತಿದ್ದರೆ, ಕಿವಿರಿನ ಮುಚ್ಚಳ ಒಂದೇ ಸಮನೆ ಬಡಿದುಕೊಳ್ಳುತ್ತಿದ್ದರೆ, ಮೈಮೇಲೆ ಬಿಳಿಚಿದ ಲೋಳೆ ಕಾಣಿಸಿಕೊಂಡರೆ ಮೊದಲು ಅನುಮಾನಿಸಬೇಕಾದದ್ದು ಕ್ಲೋರಿನ್ನನ್ನೇ.

ತಕ್ಷಣ ಸತ್ತರೆ ಕಾರಣವಾದರೂ ಹೊಳೆದೀತು. ಹೆಚ್ಚಿನ ಮನೆಗಳಲ್ಲಿ ಮೀನು ಸಾಯುವುದು ನಾಲ್ಕಾರು ದಿನ ಕಳೆದ ಮೇಲೆ. ಮೀನಿನ ಮಲಮೂತ್ರ ಮತ್ತು ಉಳಿದ ಆಹಾರದಿಂದ ಹುಟ್ಟುವ ಅಮೋನಿಯಾವನ್ನು ಮೊದಲು ನೈಟ್ರೈಟ್ ಆಗಿ, ಬಳಿಕ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿ ಮಾರ್ಪಡಿಸುವ ಬ್ಯಾಕ್ಟೀರಿಯಾಗಳು ಫಿಲ್ಟರಿನ ಸ್ಪಂಜಿನಲ್ಲಿ ನೆಲೆಸಿರುತ್ತವೆ. ಆ ಸ್ಪಂಜನ್ನು ನಲ್ಲಿಗೆ ಹಿಡಿದು ಬೆಳ್ಳಗಾಗುವವರೆಗೆ ಹಿಂಡಿ ತೊಳೆಯುವುದೇ ನಮ್ಮಲ್ಲಿ ಶುಚಿತ್ವ ಎನಿಸಿಕೊಂಡಿದೆ. ಬ್ಯಾಕ್ಟೀರಿಯಾ ಹಾಗೆ ನಾಶವಾದ ಮೇಲೆ ನೀರು ಸ್ಫಟಿಕದಂತೆ ಕಂಡರೂ ಅದರಲ್ಲಿ ಅಮೋನಿಯಾ ಏರುತ್ತಲೇ ಹೋಗುತ್ತದೆ. ಆಗ ಮಾಲೀಕರು ಅಂಗಡಿಯವನನ್ನು ಬೈಯುತ್ತಾರೆ. ಮನೆಗೆ ಬರಬೇಕಿದ್ದ ಕಂಟಕವನ್ನು ಮೀನು ತನ್ನ ಮೇಲೆಳೆದುಕೊಂಡು ಹೋಯಿತೆಂದು ಸಮಾಧಾನಪಡುವವರೂ ಉಂಟು. ಸ್ಪಂಜನ್ನು ಅಕ್ವೇರಿಯಂನಿಂದಲೇ ತೆಗೆದ ನೀರಿನಲ್ಲಿ ಮೆಲ್ಲಗೆ ಅದ್ದಿ ಹಿಂಡಿದರೆ ಸಾಕು.

ಪರಿಹಾರ ದುಬಾರಿಯೂ ಅಲ್ಲ, ಕಷ್ಟದ್ದೂ ಅಲ್ಲ. ಬಾಯಗಲದ ಬಕೆಟ್‌ನಲ್ಲಿ ನೀರು ಹಿಡಿದು, ಗಾಳಿಯ ಪಂಪ್ ಹಾಕಿ, ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಬಹುಪಾಲು ಹಾರಿಹೋಗುತ್ತದೆ. ಅಷ್ಟು ವ್ಯವಧಾನವಿಲ್ಲದವರು ಅಂಗಡಿಗಳಲ್ಲಿ ‘ಆ್ಯಂಟಿ ಕ್ಲೋರಿನ್’ ಎಂದು ಸಿಗುವ ದ್ರಾವಣವನ್ನು ಬಳಸಬಹುದು. ಅದರಲ್ಲಿ ಸಾಮಾನ್ಯವಾಗಿ ಇರುವುದು ಸೋಡಿಯಂ ಥಯೋಸಲ್ಫೇಟ್, ಅಂದರೆ ಹಿಂದೆ ಫೋಟೊ ಸ್ಟುಡಿಯೊಗಳ ಕತ್ತಲೆಕೋಣೆಯಲ್ಲಿ ಬಳಸುತ್ತಿದ್ದ ಹೈಪೋ. ಕ್ಲೋರಿನ್ ಜೊತೆ ಅಮೋನಿಯಾ ಬೆರೆಸಿ ಕ್ಲೋರಮೈನ್ ಮಾಡುವ ಅಮೆರಿಕದ ಹಲವು ನಗರಗಳಲ್ಲಿರುವ ಕನ್ನಡಿಗರಿಗೆ ಮಾತ್ರ ಬಕೆಟ್ ತೆರೆದಿಡುವ ಉಪಾಯ ಫಲಿಸದು. ಅಲ್ಲಿ ಅಮೋನಿಯಾವನ್ನೂ ನಿಭಾಯಿಸುವ ದ್ರಾವಣವೇ ಬೇಕು. ಕೊಳವೆಬಾವಿಯ ಗಡಸು ನೀರಿಗೆ ಒಗ್ಗಿಕೊಂಡ ಗಪ್ಪಿ, ಮೊಲ್ಲಿಗಳಿಗೆ ಕಾವೇರಿಯ ಮೆದು ನೀರೂ ಹೊಸತೇ ಆದ್ದರಿಂದ, ತೊಟ್ಟಿಯನ್ನು ಪೂರ್ತಿ ಬರಿದು ಮಾಡದೆ ಒಂದು ಸಲಕ್ಕೆ ಕಾಲುಭಾಗ ಮಾತ್ರ ಬದಲಿಸುವುದು ಕ್ಷೇಮ. ಕ್ಲೋರಿನ್ನಿಗೆ ಹೆದರಿ ಬರೀ ಆರ್‌ಒ ನೀರು ತುಂಬಿಸುವವರಿದ್ದಾರೆ. ಮೀನಿಗೆ ಬೇಕಾದ ಖನಿಜಾಂಶವೂ ಅದರಲ್ಲಿ ಇರದ ಕಾರಣ ಅದು ಸರಿಯಲ್ಲ.

ಕ್ಲೋರಿನ್ ಕಡಿಮೆ ಮಾಡಿ ಎಂದು ನಾನು ಖಂಡಿತ ಕೇಳುತ್ತಿಲ್ಲ. ಜನರ ಆರೋಗ್ಯಕ್ಕೆ ಅದು ಬೇಕು. ನನ್ನ ಬೇಡಿಕೆ ಮಾಹಿತಿಯದ್ದು. ನಾವಿರುವ ವಸತಿ ಸಮುಚ್ಚಯದಲ್ಲಿ ಸಂಪ್ ತೊಳೆದು ಬ್ಲೀಚಿಂಗ್ ಪೌಡರ್ ಹಾಕುವ ದಿನ ನಿವಾಸಿಗಳಿಗೆ ಗೊತ್ತಾಗುವುದೇ ಸ್ನಾನದ ನೀರಿನ ಘಾಟಿನಿಂದ. ಲಿಫ್ಟ್ ರಿಪೇರಿಗೆ, ಪಾರ್ಕಿಂಗ್ ಜಗಳಕ್ಕೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಸಾಲು ಸಾಲು ಸಂದೇಶ ಹಾಕುವ ಸಂಘದವರು ಇದನ್ನೂ ಹಿಂದಿನ ದಿನವೇ ತಿಳಿಸಬಹುದಲ್ಲವೇ? ಹೊಸದಾಗಿ ಸಂಪರ್ಕ ಕೊಡುವಾಗ ಜಲಮಂಡಳಿಯು ಈ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಮೀನಿನ ತೊಟ್ಟಿಗೆ ನೇರವಾಗಿ ಹಾಕಬೇಡಿ ಎಂಬ ಒಂದು ಸಾಲನ್ನು ಬಿಲ್ಲಿನ ಮೇಲೆ ಅಚ್ಚು ಹಾಕಿಸಲಿ. ಮೀನು ಮಾರುವ ಅಂಗಡಿಗಳವರು ಪ್ಲಾಸ್ಟಿಕ್ ಚೀಲದಲ್ಲಿ ಮೀನು ಕಟ್ಟಿಕೊಡುವಾಗ, ಎಷ್ಟು ಲೀಟರಿಗೆ ಎಷ್ಟು ಹನಿ ಎಂಬುದನ್ನು ಕನ್ನಡದಲ್ಲಿ ಬರೆದ ಒಂದು ಚೀಟಿಯನ್ನೂ ಜೊತೆಗೆ ಕೊಡಲಿ.

– ಓದುಗ, ಬೇಗೂರು, ಬೆಂಗಳೂರು